ಐದು ಜನ, ಹದಿನಾಲ್ಕು ರಾತ್ರಿ, ದಿನಕ್ಕೊಂದು ಜಾಗ: ಯಾವ ಕ್ಯಾನ್ವಾಸ್ ಟೆಂಟ್ ಕೊಳ್ಳಲಿ?

ಹೊಳೆದಂಡೆ (ಮೆಲ್ಬರ್ನ್), ಸೋಮವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಜುಲೈ ರಜೆಯಲ್ಲಿ ಮೆಲ್ಬರ್ನ್‌ನಿಂದ ಹೊರಟು ಅಡಿಲೇಡ್, ಫ್ಲಿಂಡರ್ಸ್ ಬೆಟ್ಟಸಾಲು, ಕೂಬರ್ ಪೀಡಿ ಹಾದು ಆಸ್ಟ್ರೇಲಿಯಾದ ನಡುವಿನ ಉಲುರು ಬಂಡೆಯವರೆಗೆ ಕಾರಿನಲ್ಲಿ ಹೋಗಿಬರಬೇಕೆಂದಿದ್ದೇವೆ. ನಾನು, ನಮ್ಮ ಯಜಮಾನರು, ಒಂಬತ್ತು ಮತ್ತು ಆರು ವರ್ಷದ ಮಕ್ಕಳು, ಜೊತೆಗೆ ತೀರ್ಥಹಳ್ಳಿಯಿಂದ ಬಂದಿರುವ ಅಮ್ಮ. ಒಟ್ಟು ಹದಿನಾಲ್ಕು ರಾತ್ರಿ, ಅದರಲ್ಲಿ ಹತ್ತು ರಾತ್ರಿಯಾದರೂ ಬೇರೆ ಬೇರೆ ಕಡೆ ಟೆಂಟ್ ಹಾಕಬೇಕು.

ಹೋದ ಈಸ್ಟರ್‌ನಲ್ಲಿ ಗ್ರಾಂಪಿಯನ್ಸ್‌ಗೆ ಒಯ್ದಿದ್ದ ಪಾಲಿಯೆಸ್ಟರ್ ಟೆಂಟ್ ಎರಡನೇ ರಾತ್ರಿಯೇ ಕೈಕೊಟ್ಟಿತು. ಛತ್ರಿಯ ಹಾಗೆ ಬಿಚ್ಚಿಕೊಳ್ಳುವ ಬಗೆಯದು. ಹನ್ನೊಂದು ಗಂಟೆಯ ಹೊತ್ತಿಗೆ ಗಾಳಿ ಎದ್ದು, ಕಂಬಿ ಕೂಡುವ ಜಾಗದ ಪ್ಲಾಸ್ಟಿಕ್ ಕೀಲು ಪಟ್ಟೆಂದು ಸೀಳಿತು. ಮೊಬೈಲ್ ಬೆಳಕಿನಲ್ಲಿ ಹಗ್ಗ ಸುತ್ತಿ ನೋಡಿದೆವು, ನಿಲ್ಲಲಿಲ್ಲ. ಮಕ್ಕಳನ್ನು ಎತ್ತಿಕೊಂಡು ಹೋಗಿ ಕಾರಿನಲ್ಲಿ ಮಲಗಿಸಿ, ನಾವಿಬ್ಬರೂ ಬೆಳಗಿನವರೆಗೆ ಕುಳಿತೇ ಇದ್ದೆವು. ಅಮ್ಮ ಆಗ ಇನ್ನೂ ಬಂದಿರಲಿಲ್ಲ. ಅವರನ್ನು ಅಂಥ ಪಾಡಿಗೆ ಒಡ್ಡಲು ನನಗೆ ಮನಸ್ಸಿಲ್ಲ.

ಆದ್ದರಿಂದ ಈ ಸಲ ಗಟ್ಟಿ ಕ್ಯಾನ್ವಾಸ್ ಬೇಕು. ಬೇಗ ಏಳಬೇಕು, ಬೇಗ ಮಡಿಚಬೇಕು. ಒಳಗೆ ನೆಟ್ಟಗೆ ನಿಲ್ಲುವಷ್ಟು ಎತ್ತರ ಬೇಕೇ ಬೇಕು, ಅಮ್ಮನಿಗೆ ಮಂಡಿನೋವು, ಬಗ್ಗಿ ನುಸುಳಲು ಆಗದು. ಗಾಡಿ ಏಳು ಸೀಟಿನದು, ಛಾವಣಿಯ ಮೇಲೆ 75 ಕೇಜಿಗಿಂತ ಹೆಚ್ಚು ಹೇರಬಾರದೆಂದು ಕೈಪಿಡಿಯಲ್ಲಿದೆ. ಎತ್ತಿಟ್ಟಿರುವ ಹಣ ಎರಡು ಸಾವಿರ ಡಾಲರ್. ಅಂಗಡಿಯಲ್ಲಿ ಎಲ್ಲ ಟೆಂಟಿಗೂ ಮೂವತ್ತು ಸೆಕೆಂಡು, ಒಂದು ನಿಮಿಷ ಎನ್ನುತ್ತಾರೆ. ಬಳಸಿದವರು ಹೇಳಿ.

ಗುಬ್ಬಚ್ಚಿ (ಸಿಡ್ನಿ), ಸೋಮವಾರ ರಾತ್ರಿ 10:05

ಯೋಚನೆಯೇ ಬೇಡ, ಓಝ್‌ಟೆಂಟ್ ಆರ್‌ವಿ-5 ತೆಗೆದುಕೊಳ್ಳಿ. ಚೀಲದಿಂದ ಜಾರಿಸಿ, ನೆಲದ ಮೇಲೆ ಬಿಡಿಸಿ, ಮೇಲಿನ ಕಂಬಿಯನ್ನು ಹಿಡಿದು ನಿಮ್ಮ ಕಡೆಗೆ ಎಳೆದರೆ ಟೆಂಟ್ ಎದ್ದು ನಿಲ್ಲುತ್ತದೆ. ಕಂಬಿಗಳೆಲ್ಲ ಮೊದಲೇ ಬಟ್ಟೆಗೆ ಜೋಡಿಸಿಯೇ ಇರುತ್ತವೆ, ಒಂದೂ ಕಳೆಯುವ ಹಾಗಿಲ್ಲ. ನಾವು ಆರು ವರ್ಷದಿಂದ ಒಂದನ್ನೇ ಬಳಸುತ್ತಿದ್ದೇವೆ. ಐದು ಜನರಿಗೆ ಒಳಗೆ ಇಕ್ಕಟ್ಟಾಗುತ್ತದೆ ಎಂಬುದು ನಿಜ. ಮುಂದಿನ ಚಪ್ಪರಕ್ಕೆ ಗೋಡೆಗಳನ್ನು ಸೇರಿಸಿಕೊಂಡರೆ ಇನ್ನೊಂದು ಕೋಣೆಯಾಗುತ್ತದೆ.

ಕೆಂಪುಮಣ್ಣು (ಅಡಿಲೇಡ್), ಸೋಮವಾರ ರಾತ್ರಿ 10:50

ಗುಬ್ಬಚ್ಚಿಯವರು ಹೇಳಿದ್ದು ಸುಳ್ಳಲ್ಲ, ಆದರೆ ಅರ್ಧವಷ್ಟೇ ಹೇಳಿದ್ದಾರೆ. ಆ ಮೂವತ್ತು ಸೆಕೆಂಡಿನಲ್ಲಿ ನಿಲ್ಲುವುದು ಹಂದರ ಮಾತ್ರ. ಗೂಟ, ಹಗ್ಗ, ಮುಂದಿನ ಚಪ್ಪರ, ಮೇಲಿನ ಮಳೆಹೊದಿಕೆ ಯಾವುದೂ ಆ ಲೆಕ್ಕದಲ್ಲಿಲ್ಲ. ಐದು ಜನರಿಗಾಗಿ ಚಪ್ಪರಕ್ಕೆ ಗೋಡೆ ಕಟ್ಟುವುದಾದರೆ ದಿನವೂ ಇಪ್ಪತ್ತು ನಿಮಿಷ ಅಲ್ಲಿಯೇ ಹೋಯಿತು.

ಹೊಳೆದಂಡೆಯವರೇ, ನೀವು ಅಳೆಯಬೇಕಾದದ್ದು ಎರಡು. ಸಂಜೆ ಹ್ಯಾಂಡ್‌ಬ್ರೇಕ್ ಎಳೆದಾಗಿನಿಂದ ಒಲೆಯ ಮೇಲೆ ಚಹಾದ ನೀರು ಇಡುವವರೆಗೆ ಎಷ್ಟು ಹೊತ್ತು? ಬೆಳಿಗ್ಗೆ ಹಾಸಿಗೆ ಸುತ್ತಿದಾಗಿನಿಂದ ಗಾಡಿ ಹೊರಡುವವರೆಗೆ ಎಷ್ಟು ಹೊತ್ತು? ಅಂಗಡಿಯವರು ಮೊದಲನೆಯದರಲ್ಲಿ ಒಂದು ತುಣುಕನ್ನು ತೋರಿಸುತ್ತಾರೆ, ಎರಡನೆಯದನ್ನು ತೋರಿಸುವುದೇ ಇಲ್ಲ. ಆರ್‌ವಿ ಬಗೆಯ ಟೆಂಟ್ ಮಡಿಚಿದಾಗ ಎರಡು ಮೀಟರ್ ಉದ್ದ, ತೂಕ ಇಪ್ಪತ್ತು ಕೇಜಿಯ ಆಸುಪಾಸು. ಕಾರಿನೊಳಗೆ ಹಿಡಿಯುವುದಿಲ್ಲ, ಛಾವಣಿಗೇ ಹೋಗಬೇಕು. ದಿನಾ ಸಂಜೆ ಇಳಿಸಬೇಕು, ದಿನಾ ಬೆಳಿಗ್ಗೆ ಏರಿಸಿ ಪಟ್ಟಿ ಬಿಗಿಯಬೇಕು. ನಿಮ್ಮಲ್ಲಿ ಎತ್ತರದವರು ಇಬ್ಬರಿದ್ದಾರೆಯೇ?

ನನ್ನ ಆಯ್ಕೆ ಹಳೆಯ ಕಾಲದ ಟೂರಿಂಗ್ ಟೆಂಟ್, ಒಂದೇ ನಡುಗಂಬದ್ದು. ಇಲ್ಲಿ ಒಳನಾಡಿನಲ್ಲಿ ತಿರುಗುವ ಹಿರಿಯರ ಹತ್ತಿರ ನೋಡಿರುತ್ತೀರಿ. ನೆಲಹಾಸು ಗೋಡೆಗೇ ಹೊಲಿದಿರುತ್ತದೆ. ಅದನ್ನು ಹರಡಿ, ನಾಲ್ಕು ಮೂಲೆಗೆ ಗೂಟ ಹೊಡೆದು, ಒಬ್ಬರು ಒಳಗೆ ಹೋಗಿ ಕಂಬವನ್ನು ನಿಲ್ಲಿಸಿ ಏರಿಸಬೇಕು. ಕಂಬ ಏರಿದ ಹಾಗೆಲ್ಲ ನಾಲ್ಕೂ ಗೋಡೆ ಡೊಳ್ಳಿನ ಚರ್ಮದಂತೆ ಬಿಗಿಯುತ್ತವೆ, ಬೆರಳಿನಿಂದ ತಟ್ಟಿದರೆ ಸದ್ದು ಬರುತ್ತದೆ. ನಾನೂ ಮಗನೂ ಸೇರಿದರೆ ಏಳು ನಿಮಿಷ, ಗೂಟವೂ ಸೇರಿ. ಮುರಿಯಲು ಅದರಲ್ಲಿ ಕೀಲೇ ಇಲ್ಲ. ಕಂಬ ಬಾಗಿದರೆ ದಾರಿಯಲ್ಲಿ ಸಿಕ್ಕ ಪೈಪನ್ನು ಕತ್ತರಿಸಿ ನಿಲ್ಲಿಸಬಹುದು.

ಗುಬ್ಬಚ್ಚಿ (ಸಿಡ್ನಿ), ಸೋಮವಾರ ರಾತ್ರಿ 11:02

ನಡುಗಂಬ ಟೆಂಟಿನ ನಟ್ಟನಡುವೆ ಇರುತ್ತದಲ್ಲವೇ? ರಾತ್ರಿ ಎದ್ದ ಅಜ್ಜಿ ಕತ್ತಲಲ್ಲಿ ಅದಕ್ಕೆ ಹಣೆ ಬಡಿದುಕೊಂಡರೆ? ಮೂಲೆಗೆ ಗೂಟ ಹೊಡೆಯದೆ ಅದು ನಿಲ್ಲುವುದೂ ಇಲ್ಲ. ಕೂಬರ್ ಪೀಡಿಯ ನೆಲ ನೀವು ನೋಡಿದ್ದೀರಿ ಅಂದುಕೊಂಡಿದ್ದೇನೆ. ಅದು ಕಲ್ಲು. ಓಝ್‌ಟೆಂಟ್ ಗೂಟವಿಲ್ಲದೆಯೂ ನಿಲ್ಲುತ್ತದೆ.

ಕೆಂಪುಮಣ್ಣು (ಅಡಿಲೇಡ್), ಸೋಮವಾರ ರಾತ್ರಿ 11:20

ಗೂಟವಿಲ್ಲದೆ ಯಾವ ಟೆಂಟನ್ನೂ ಬಿಟ್ಟು ಮಲಗಬಾರದು. ಗಾಳಿ ಎದ್ದರೆ ಮಕ್ಕಳ ಸಮೇತ ಉರುಳುತ್ತದೆ. ಕಲ್ಲುನೆಲಕ್ಕೆ ಈಗ ಇಲ್ಲಿ ಬಹಳ ಜನ ಬಳಸುವುದು ಸ್ಕ್ರೂ ಗೂಟ. ಬೋಲ್ಟಿನ ತಲೆಯಿರುವ ಉದ್ದನೆಯ ದಪ್ಪ ಸ್ಕ್ರೂ ಅದು, ಬ್ಯಾಟರಿ ಡ್ರಿಲ್ ಹಿಡಿದು ತಿರುಗಿಸಿದರೆ ಸುತ್ತಿಗೆಗೆ ಬಗ್ಗದ ನೆಲದಲ್ಲೂ ಇಳಿಯುತ್ತದೆ. ಬೆಳಿಗ್ಗೆ ಹಿಮ್ಮುಖವಾಗಿ ತಿರುಗಿಸಿದರೆ ಹೊರಗೆ ಬಂತು. ನನ್ನ ಏಳು ನಿಮಿಷದ ಗುಟ್ಟೇ ಅದು.

ಕಂಬದ ಮಾತು ಒಪ್ಪುತ್ತೇನೆ. ನಾವು ಸೊಂಟದ ಎತ್ತರಕ್ಕೂ ಹಣೆಯ ಎತ್ತರಕ್ಕೂ ಕತ್ತಲಲ್ಲಿ ಹೊಳೆಯುವ ಪಟ್ಟಿ ಸುತ್ತಿದ್ದೇವೆ. ನಮ್ಮ ಮಾವನವರಿಗೆ ರಾತ್ರಿ ಏಳುವಾಗ ಹಿಡಿದುಕೊಳ್ಳಲು ಆ ಕಂಬವೇ ಆಸರೆಯಾಗಿತ್ತು.

ಮೇಲ್ಛಾವಣಿ (ಬ್ರಿಸ್ಬೇನ್), ಮಂಗಳವಾರ ಬೆಳಿಗ್ಗೆ 6:30

ಕಾರಿನ ಮೇಲೆಯೇ ಬಿಚ್ಚಿಕೊಳ್ಳುವ ಟೆಂಟ್ ಏಕೆ ಬೇಡ? ನಮ್ಮದು ಎರಡು ನಿಮಿಷದಲ್ಲಿ ಸಿದ್ಧ, ಹಾಸಿಗೆಯೂ ಒಳಗೇ ಇರುತ್ತದೆ.

ಹೊಳೆದಂಡೆ (ಮೆಲ್ಬರ್ನ್), ಮಂಗಳವಾರ ಬೆಳಿಗ್ಗೆ 7:10

ಅಮ್ಮ ಏಣಿ ಹತ್ತಲಾರರು. ಅದೂ ಅಲ್ಲದೆ ಅಂಥ ಟೆಂಟೇ 50ರಿಂದ 80 ಕೇಜಿ ತೂಗುತ್ತದೆ, ನನ್ನ ಗಾಡಿಯ ಮಿತಿ 75. ಮಕ್ಕಳಿಗೆ ರಾತ್ರಿ ಜ್ವರ ಬಂದು ಊರಿಗೆ ಗಾಡಿ ಓಡಿಸಬೇಕಾದರೆ ಮೊದಲು ಮನೆಯನ್ನೇ ಮಡಿಚಬೇಕು. ಇಬ್ಬರೇ ಇದ್ದಿದ್ದರೆ ಖಂಡಿತ ಯೋಚಿಸುತ್ತಿದ್ದೆ.

ಅಡಿಕೆಪಟ್ಟೆ (ಶಿರಸಿ), ಮಂಗಳವಾರ ಮಧ್ಯಾಹ್ನ 1:15

ಹೊರಗಿನವನ ಒಂದು ತಕರಾರು. ಈ ಕ್ಯಾನ್ವಾಸಿನ ಮೋಹ ನನಗೆ ಅರ್ಥವಾಗುವುದಿಲ್ಲ. ಹತ್ತಿಯ ಬಟ್ಟೆ ನೀರು ಕುಡಿಯುತ್ತದೆ. ಒಣಗಿದ್ದಾಗ ಮೂವತ್ತು ಕೇಜಿ ಇದ್ದದ್ದು ನೆನೆದರೆ ಇಬ್ಬರೂ ಎತ್ತಲಾಗದಷ್ಟಾಗುತ್ತದೆ. ಒದ್ದೆಯಾಗಿ ಮಡಿಚಿದರೆ ಬೂಷ್ಟು. ನಮ್ಮ ಕಡೆ ಆಷಾಢದಲ್ಲಿ ಪಂಚೆ ಒಣಗಲು ಒಲೆಯ ಮೇಲಿನ ತಂತಿಯಲ್ಲಿ ಮೂರು ದಿನ ಬೇಕು. ನಾನು ಯಾಣ, ಕಾಳಿ ಕಣಿವೆಗಳಲ್ಲೆಲ್ಲ ಆರು ಕೇಜಿಯ ಪಾಲಿಯೆಸ್ಟರ್ ಟೆಂಟ್ ಹೊತ್ತು ತಿರುಗಿದ್ದೇನೆ. ಒದರಿದರೆ ಒಣಗಿತು. 3000 ಮಿಲಿಮೀಟರ್ ಎತ್ತರದ ನೀರಿನ ಒತ್ತಡ ತಡೆಯುತ್ತದೆ ಎಂದು ಅದರ ಮೇಲೆಯೇ ಬರೆದಿರುತ್ತದೆ. ಕ್ಯಾನ್ವಾಸಿನವರು ಇಂಥ ಸಂಖ್ಯೆಯನ್ನು ಏಕೆ ಹೇಳುವುದಿಲ್ಲ?

ದಾವಣಗೆರೆ ಬೆಣ್ಣೆ (ದಾವಣಗೆರೆ), ಮಂಗಳವಾರ ಮಧ್ಯಾಹ್ನ 2:40

ಅಡಿಕೆಪಟ್ಟೆಯವರಿಗೆ ಉತ್ತರ ಕೊಡಲು ನನಗೆ ಸ್ವಲ್ಪ ಹಕ್ಕಿದೆ. ನಮ್ಮ ತಂದೆ ನಲವತ್ತು ವರ್ಷ ಲಾರಿ ಟಾರ್ಪಾಲು ಹೊಲಿದವರು. ನಾನು ಬೆಳೆದದ್ದೇ ಮೇಣ ಹಾಕಿದ ಕ್ಯಾನ್ವಾಸಿನ ಗಂಟುಗಳ ಮೇಲೆ.

ಎರಡೂ ನೀರನ್ನು ತಡೆಯುವ ಬಗೆಯೇ ಬೇರೆ. ಪಾಲಿಯೆಸ್ಟರ್ ಬಟ್ಟೆಯ ಮೇಲೆ ಒಂದು ಲೇಪನ ಇರುತ್ತದೆ, ಆ ಲೇಪನ ಇರುವವರೆಗೆ ನೀರು ನಿಲ್ಲುತ್ತದೆ, ಆಮೇಲೆ ಸಿಪ್ಪೆ ಏಳುತ್ತದೆ. ಲೇಪನ ಹೊರಗಿನ ನೀರನ್ನು ತಡೆದ ಹಾಗೆ ಒಳಗಿನ ಉಸಿರನ್ನೂ ತಡೆಯುತ್ತದೆ. ಬೆಳಿಗ್ಗೆ ಒಳಮೈಯಲ್ಲಿ ಹನಿಗಟ್ಟುವುದು ಅದಕ್ಕೇ. ಕ್ಯಾನ್ವಾಸಿನಲ್ಲಿ ಹತ್ತಿಯ ನೂಲು ನೆನೆದು ಊದಿ ನೇಯ್ಗೆಯ ಸಂದನ್ನು ತಾನೇ ಮುಚ್ಚುತ್ತದೆ, ಒಣಗಿದಾಗ ಮತ್ತೆ ತೆರೆದುಕೊಳ್ಳುತ್ತದೆ. ಬಿಸಿಲಿನ ಮಾತೂ ಇದೆ. ವರ್ಷಕ್ಕೆ ಒಂದು ವಾರ ಕಾಡಿನ ನೆರಳಿನಲ್ಲಿ ಹಾಕುವ ನಿಮ್ಮ ಪಾಲಿಯೆಸ್ಟರ್ ಹತ್ತು ವರ್ಷ ಬಾಳಬಹುದು. ಮರವೇ ಇಲ್ಲದ ನೆಲದಲ್ಲಿ ದಿನಗಟ್ಟಲೆ ಬಿಸಿಲಿಗೆ ನಿಂತರೆ ಅದರ ನೂಲು ಪುಡಿಗಟ್ಟುತ್ತದೆ.

ಬೂಷ್ಟಿನ ಮಾತು ಮಾತ್ರ ನೂರಕ್ಕೆ ನೂರು ನಿಜ. ಒಂದೆರಡು ದಿನಕ್ಕಿಂತ ಹೆಚ್ಚು ಹೊತ್ತು ಒದ್ದೆಯಾಗಿ ಮಡಿಚಿಟ್ಟರೆ ಕಪ್ಪು ಚುಕ್ಕೆ ಬೀಳುತ್ತದೆ, ಆ ಚುಕ್ಕೆ ಮತ್ತೆ ಹೋಗುವುದಿಲ್ಲ. ಬ್ಲೀಚ್ ಹಾಕಿ ಉಜ್ಜುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ನೀರು ತಡೆಯುವ ಗುಣವೇ ಹೋಗುತ್ತದೆ.

ಅಡಿಕೆಪಟ್ಟೆ (ಶಿರಸಿ), ಮಂಗಳವಾರ ಮಧ್ಯಾಹ್ನ 3:05

ಸರಿ, ಮರುಭೂಮಿಗೆ ಒಪ್ಪಿದೆ. ಶಿರಸಿಗೆ ಒಪ್ಪುವುದಿಲ್ಲ.

ಎರಡುಗಾಲಿ (ಹುಬ್ಬಳ್ಳಿ), ಮಂಗಳವಾರ ಮಧ್ಯಾಹ್ನ 3:30

ಬೈಕಿನಲ್ಲಿ ಒಯ್ಯುವಂಥ ಕ್ಯಾನ್ವಾಸ್ ಟೆಂಟ್ ಯಾವುದಾದರೂ ಇದೆಯೇ? ಹಂಪಿ, ಬಾದಾಮಿ ಕಡೆ ಚಳಿಗಾಲದಲ್ಲಿ ಹೋಗುವ ಯೋಚನೆ.

ಗುಬ್ಬಚ್ಚಿ (ಸಿಡ್ನಿ), ಮಂಗಳವಾರ ಸಂಜೆ 4:00

ಇಲ್ಲಿ ಬೈಕಿನವರು ಸ್ವ್ಯಾಗ್ ಒಯ್ಯುತ್ತಾರೆ. ಹಾಸಿಗೆಯನ್ನೇ ಕ್ಯಾನ್ವಾಸ್ ಚೀಲದೊಳಗೆ ಹೊಲಿದ ಹಾಗೆ ಇರುತ್ತದೆ, ಸುತ್ತಿ ಹಿಂದೆ ಕಟ್ಟಬಹುದು. ಆದರೂ ಸುರುಳಿ ದಪ್ಪ. ನಿಮಗೆ ಹಗುರ ಪಾಲಿಯೆಸ್ಟರೇ ಸರಿ.

ಹೊಳೆದಂಡೆ (ಮೆಲ್ಬರ್ನ್), ಮಂಗಳವಾರ ರಾತ್ರಿ 8:50

ದಾವಣಗೆರೆಯವರೇ, ನಿಮ್ಮ ಬರಹವನ್ನು ಅಮ್ಮನಿಗೂ ಓದಿ ಹೇಳಿದೆ. ತೀರ್ಥಹಳ್ಳಿಯಲ್ಲಿ ಟೆಂಟ್ ಸಿನಿಮಾ ಬರುತ್ತಿದ್ದ ದಿನಗಳನ್ನು ನೆನೆದು ಅರ್ಧ ಗಂಟೆ ಮಾತಾಡಿದರು. ಮಧ್ಯದ ಕಂಬಕ್ಕೆ ಒರಗಿ ಕೂರಲು ಅಕ್ಕತಂಗಿಯರು ಜಗಳವಾಡುತ್ತಿದ್ದರಂತೆ.

ಈಗ ನೇರ ಪ್ರಶ್ನೆ. ಒಂದು ಅಂಗಡಿಯಲ್ಲಿ 8 ಔನ್ಸ್, ಇನ್ನೊಂದರಲ್ಲಿ 10 ಔನ್ಸ್, ಮತ್ತೊಂದರಲ್ಲಿ 320 ಜಿಎಸ್‌ಎಂ ಎಂದಿದೆ. ಯಾವುದು ದಪ್ಪ? ಬಳಸಿದ ಟೆಂಟ್ ಕೊಳ್ಳುವುದಾದರೆ ಏನೇನು ನೋಡಬೇಕು? ನಡುಗಂಬದ ಹನ್ನೆರಡು ಅಡಿಯ ಟೆಂಟ್ ಹೊಸದು ನನ್ನ ಲೆಕ್ಕಕ್ಕೆ ಸಿಗುತ್ತಿಲ್ಲ.

ಮೇಲ್ಛಾವಣಿ (ಬ್ರಿಸ್ಬೇನ್), ಮಂಗಳವಾರ ರಾತ್ರಿ 9:10

ಔನ್ಸ್ ಎಂದರೆ ಒಂದು ಚದರ ಮೀಟರ್ ಬಟ್ಟೆಯ ತೂಕ. 10 ಔನ್ಸ್ ಸುಮಾರು 280 ಗ್ರಾಂ.

ದಾವಣಗೆರೆ ಬೆಣ್ಣೆ (ದಾವಣಗೆರೆ), ಮಂಗಳವಾರ ರಾತ್ರಿ 9:45

ಅಲ್ಲ, ಚದರ ಗಜಕ್ಕೆ. ಅಲ್ಲಿಯೇ ಎಲ್ಲರೂ ತಪ್ಪುವುದು. ಚದರ ಮೀಟರಿಗೆ ತಿರುಗಿಸಿದರೆ 8 ಔನ್ಸ್ ಅಂದರೆ ಸುಮಾರು 270 ಗ್ರಾಂ, 10 ಔನ್ಸ್ 340, 12 ಔನ್ಸ್ 405ರ ಹತ್ತಿರ. ಜಿಎಸ್‌ಎಂ ಎಂದರೆ ಚದರ ಮೀಟರಿಗೆ ಇಷ್ಟು ಗ್ರಾಂ ಎಂದು. ನಿಮ್ಮ 320 ಜಿಎಸ್‌ಎಂ ಎಂಟಕ್ಕೂ ಹತ್ತಕ್ಕೂ ನಡುವೆ ಬರುತ್ತದೆ. ಆದರೆ ಒಂದು ಮಾತು ಕೇಳಲೇಬೇಕು: ಈ ತೂಕ ಬರಿಯ ಬಟ್ಟೆಯದೋ, ನೀರು ತಡೆಯುವ ಮದ್ದು ಹಾಕಿದ ಮೇಲಿನದೋ? ಕೆಲವರು ಮೊದಲಿನದನ್ನು ಹೇಳುತ್ತಾರೆ, ಕೆಲವರು ಎರಡನೆಯದನ್ನು. ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿದರೆ ಮೋಸಹೋಗುತ್ತೀರಿ.

ತೂಕಕ್ಕಿಂತ ನಾನು ಮೊದಲು ನೋಡುವುದು ಹೊಲಿಗೆ. ಬಟ್ಟೆ ನಡುವಿನಲ್ಲಿ ಹರಿದ ಟಾರ್ಪಾಲನ್ನು ನಮ್ಮ ತಂದೆಯ ಅಂಗಡಿಯಲ್ಲಿ ನಾನು ಕಂಡದ್ದು ಅಪರೂಪ. ಬರುತ್ತಿದ್ದವೆಲ್ಲ ಹೊಲಿಗೆಯ ಅಂಚಿನಲ್ಲಿ ಬಿಟ್ಟುಕೊಂಡವು, ಇಲ್ಲವೇ ಹಗ್ಗದ ಕಣ್ಣು ಕಿತ್ತುಕೊಂಡವು. ಟೆಂಟನ್ನು ಹಗಲಿನಲ್ಲಿ ನಿಲ್ಲಿಸಿ ಒಳಗೆ ಹೋಗಿ, ಬಾಗಿಲು ಕಿಟಕಿ ಮುಚ್ಚಿ, ಸೂರ್ಯನ ಕಡೆಯ ಗೋಡೆಯನ್ನು ನೋಡಿ. ಸೂಜಿ ಹೋದ ಕಡೆಯೆಲ್ಲ ಬೆಳಕಿನ ಚುಕ್ಕೆ ಸಾಲು ಕಾಣುತ್ತಿದ್ದರೆ ನೂಲು ತೆಳ್ಳಗಿದೆ. ಎರಡು ಬಟ್ಟೆಯ ಅಂಚನ್ನು ಒಂದರೊಳಗೊಂದು ಮಡಿಚಿ ಎರಡು ಸಾಲು ಹೊಲಿದಿರಬೇಕು. ಹೊಲಿಗೆ ತೀರಾ ಒತ್ತೊತ್ತಾಗಿದ್ದರೂ ಕೆಟ್ಟದು. ಅಂಚೆಚೀಟಿಯ ಹಾಳೆಗೆ ತೂತು ಹೊಡೆದ ಹಾಗಾಗಿ ಆ ಗೆರೆಯ ಉದ್ದಕ್ಕೂ ಹರಿಯುತ್ತದೆ.

ಆಮೇಲೆ ಮೂಲೆಗೆ ಬನ್ನಿ. ನಡುಗಂಬದ ಟೆಂಟಿನಲ್ಲಿ ಎಳೆತವೆಲ್ಲ ನಾಲ್ಕು ಮೂಲೆ ಮತ್ತು ತುದಿಯ ಮೇಲೆಯೇ ಬೀಳುತ್ತದೆ. ಅಲ್ಲಿ ಇನ್ನೊಂದು ಪದರ ಬಟ್ಟೆ ಇರಬೇಕು, ಪಟ್ಟಿಯನ್ನು ಚೌಕಾಕಾರದಲ್ಲಿ ಅಡ್ಡಗೆರೆ ಹಾಕಿ ಹೊಲಿದಿರಬೇಕು. ಬರೀ ಹಿತ್ತಾಳೆ ಕಣ್ಣನ್ನು ಒತ್ತಿ ಕೂರಿಸಿದ್ದರೆ ಬೇಡ. ನೆಲ ಮತ್ತು ಗೋಡೆ ಕೂಡುವ ಕಡೆ ನೆಲಹಾಸು ಒಂದು ಗೇಣಾದರೂ ಗೋಡೆಯ ಮೇಲೆ ಏರಿರಬೇಕು, ಇಲ್ಲದಿದ್ದರೆ ಮಳೆಯಲ್ಲಿ ನೀರು ಅಲ್ಲಿಂದಲೇ ಒಳಗೆ ಬರುತ್ತದೆ.

ಕೊನೆಗೆ ಮಡಿಕೆಯೊಳಗೆ ಮೂಗಿಟ್ಟು ನೋಡಿ. ಮೇಣದ ವಾಸನೆ ಬಂದರೆ ತೊಂದರೆಯಿಲ್ಲ. ಮುಗ್ಗಲು ವಾಸನೆ ಬಂದರೆ ಎಷ್ಟು ಅಗ್ಗವಾದರೂ ವಾಪಸ್ಸು ಬನ್ನಿ.

ಕೆಂಪುಮಣ್ಣು (ಅಡಿಲೇಡ್), ಮಂಗಳವಾರ ರಾತ್ರಿ 10:15

ಜಿಪ್ ಮರೆತಿರಿ. ಇಲ್ಲಿನ ಕೆಂಪು ಧೂಳು ಹಿಟ್ಟಿನಷ್ಟು ನುಣುಪು, ಬಟ್ಟೆ ಗಟ್ಟಿಯಾಗಿದ್ದರೂ ಜಿಪ್ ಮೊದಲು ಸಾಯುತ್ತದೆ. ದಪ್ಪ ಹಲ್ಲಿನ 10ನೇ ನಂಬರಿನ ಜಿಪ್ ಇದ್ದರೆ ಒಳ್ಳೆಯದು. ಎಳೆಯುವ ಮುನ್ನ ಹಲ್ಲುಜ್ಜುವ ಹಳೆಯ ಬ್ರಷ್‌ನಿಂದ ಧೂಳು ತೆಗೆಯುವುದನ್ನು ಮಕ್ಕಳಿಗೆ ಕಲಿಸಿ. ಎರಡು ಕೈಯಿಂದ ಎಳೆಯಬೇಕು, ಒಂದು ಕೈ ಬಟ್ಟೆಯನ್ನು ಸಡಿಲ ಮಾಡಲು. ಗೋಡೆ ಬಿಗಿಯಾಗಿದ್ದಾಗ ಜಿಪ್ಪಿನ ಮೇಲೆ ಜಗ್ಗಿದರೆ ಹಲ್ಲು ಬಿಡುತ್ತದೆ.

ಮೊಸರನ್ನ (ಕ್ಯಾನ್‌ಬೆರಾ), ಮಂಗಳವಾರ ರಾತ್ರಿ 10:30

ಉಲುರುವಿನಲ್ಲಿ ಜುಲೈ ರಾತ್ರಿ ಸೊನ್ನೆಯ ಸಮೀಪಕ್ಕೆ ಇಳಿಯುತ್ತದೆ. ಅಮ್ಮನವರಿಗೆ ಚಳಿಯಾದರೆ ಮಲಗುವ ಮುನ್ನ ಅಗ್ಗಿಷ್ಟಿಕೆಯಲ್ಲಿ ಸ್ವಲ್ಪ ಇದ್ದಿಲು ಕೆಂಡ ಹಾಕಿ ಒಳಗಿಡಿ. ಕ್ಯಾನ್ವಾಸ್ ಹೇಗೂ ಉಸಿರಾಡುತ್ತದೆಯಲ್ಲ.

ಬಿಳಿಕೋಟು (ಬ್ರಿಸ್ಬೇನ್), ಮಂಗಳವಾರ ರಾತ್ರಿ 10:34

ಬೇಡ! ಮೊಸರನ್ನ ಅವರೇ, ದಯವಿಟ್ಟು ಆ ಮಾತನ್ನು ಅಳಿಸಿ. ನಾನು ತುರ್ತು ಚಿಕಿತ್ಸಾ ವಿಭಾಗದಲ್ಲಿ ದಾದಿ. ಟೆಂಟಿನೊಳಗೆ ಇದ್ದಿಲಾಗಲಿ, ಗ್ಯಾಸ್ ಒಲೆಯಾಗಲಿ, ಗ್ಯಾಸ್ ಹೀಟರ್ ಆಗಲಿ ಬೇಡವೇ ಬೇಡ. ಆರುತ್ತಿರುವ ಕೆಂಡವೂ ಕಾರ್ಬನ್ ಮೊನಾಕ್ಸೈಡ್ ಬಿಡುತ್ತಲೇ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. ಕ್ಯಾನ್ವಾಸ್ ಉಸಿರಾಡುತ್ತದೆ ಎಂಬ ಮಾತು ಬೆವರಿನ ಹಬೆಗೆ ಮಾತ್ರ, ವಿಷಗಾಳಿಗೆ ಅಲ್ಲ. ಇಬ್ಬನಿಗೆ ನೆನೆದು ಊದಿದ ಮೇಲಂತೂ ಇನ್ನೂ ಮುಚ್ಚಿಕೊಳ್ಳುತ್ತದೆ.

ಚಳಿಗೆ ದಾರಿ ಬೇರೆ ಇದೆ. ಅಮ್ಮನನ್ನು ನೆಲದಿಂದ ಮೇಲೆತ್ತಿ, ಮಡಿಚುವ ಮಂಚದ ಮೇಲೆ ಮಲಗಿಸಿ. ಮಂಚದ ಕೆಳಗೆ ಗಾಳಿ ಓಡಾಡುವುದರಿಂದ ಅದರ ಮೇಲೆ ದಪ್ಪ ಹಾಸು ಬೇಕು, ಬರಿಯ ಮಂಚ ನೆಲಕ್ಕಿಂತ ತಣ್ಣಗಿರುತ್ತದೆ. ಬಿಸಿನೀರಿನ ರಬ್ಬರ್ ಚೀಲವನ್ನು ಬಟ್ಟೆಯಲ್ಲಿ ಸುತ್ತಿ ಕಾಲ ಹತ್ತಿರ ಇಡಿ. ಉಣ್ಣೆಯ ಟೋಪಿ, ಕಾಲುಚೀಲ. ಮಂಡಿನೋವಿಗೂ ಮಂಚವೇ ಒಳ್ಳೆಯದು, ಏಳುವುದು ಸುಲಭ.

ಮೊಸರನ್ನ (ಕ್ಯಾನ್‌ಬೆರಾ), ಮಂಗಳವಾರ ರಾತ್ರಿ 10:41

ನನಗೆ ತಿಳಿದಿರಲಿಲ್ಲ, ಕ್ಷಮಿಸಿ. ಅಳಿಸುವುದಿಲ್ಲ, ನನ್ನ ಹಾಗೆ ಯೋಚಿಸುವ ಬೇರೆಯವರೂ ನಿಮ್ಮ ಉತ್ತರವನ್ನು ಓದಲಿ.

ಪರ್ತ್ ಪಾರಿವಾಳ (ಪರ್ತ್), ಬುಧವಾರ ಬೆಳಿಗ್ಗೆ 8:20

ಟೆಂಟಿನ ವಿಷಯಕ್ಕೆ ಸೇರದ ಮಾತು, ಆದರೆ ಅಡುಗೆ ಸಾಮಾನು ಕಟ್ಟುವ ಮುನ್ನ ತಿಳಿದಿರಲಿ. ದಕ್ಷಿಣ ಆಸ್ಟ್ರೇಲಿಯಾದ ಗಡಿ ದಾಟುವಾಗ ಹಣ್ಣು, ಟೊಮೇಟೊ, ಮೆಣಸಿನಕಾಯಿ ಇಟ್ಟುಕೊಳ್ಳಬೇಡಿ. ಹಣ್ಣುನೊಣ ಬರಬಾರದೆಂದು ಅಲ್ಲಿ ಬಹಳ ಕಟ್ಟುನಿಟ್ಟು, ದಂಡವೂ ಇದೆ. ನಾವು ನಲ್ಲಾರ್ಬರ್ ಬಯಲು ದಾಟಿ ಪರ್ತ್‌ಗೆ ಮರಳುವಾಗ ಪಶ್ಚಿಮ ಆಸ್ಟ್ರೇಲಿಯಾದ ಗಡಿಯಲ್ಲಿ ಜೇನುತುಪ್ಪ, ತರಕಾರಿ, ಒಂದು ಕಂತೆ ಕರಿಬೇವು ಎಲ್ಲವನ್ನೂ ತೊಟ್ಟಿಗೆ ಹಾಕಿಸಿದರು. ಅದರಾಚೆ ಬಲ್ಲಡೋನಿಯಾದ ಹತ್ತಿರ 146.6 ಕಿಲೋಮೀಟರ್ ರಸ್ತೆ ಒಂದು ತಿರುವೂ ಇಲ್ಲದೆ ನೇರ ಹೋಗುತ್ತದೆ. ಕರಿಬೇವಿಲ್ಲದ ಉಪ್ಪಿಟ್ಟನ್ನು ಆ ರಸ್ತೆಯ ಬದಿಯಲ್ಲಿ ತಿಂದೆವು.

ಎರಡುಗಾಲಿ (ಹುಬ್ಬಳ್ಳಿ), ಬುಧವಾರ ಬೆಳಿಗ್ಗೆ 9:00

ಕರಿಬೇವಿನ ಪುಡಿ ಬಿಡುತ್ತಾರೆಯೇ?

ಪರ್ತ್ ಪಾರಿವಾಳ (ಪರ್ತ್), ಬುಧವಾರ ಬೆಳಿಗ್ಗೆ 9:15

ನಮ್ಮ ಚಟ್ನಿಪುಡಿಯನ್ನು ತೆರೆದು ನೋಡಿ ಬಿಟ್ಟರು. ಹೊರಡುವ ಮುನ್ನ ಆಯಾ ರಾಜ್ಯದ ಪಟ್ಟಿಯನ್ನು ಓದಿಕೊಳ್ಳಿ, ನನ್ನ ಮಾತನ್ನು ನಂಬಿ ಕೂರಬೇಡಿ.

ಕೆಂಪುಮಣ್ಣು (ಅಡಿಲೇಡ್), ಬುಧವಾರ ಸಂಜೆ 6:45

ಜಾಗ ಆರಿಸುವ ಮಾತೊಂದು ಉಳಿದಿದೆ. ಫ್ಲಿಂಡರ್ಸ್‌ನಲ್ಲಿ ಒಣಗಿದ ಹಳ್ಳಗಳ ಪಕ್ಕ ದೊಡ್ಡ ದೊಡ್ಡ ರಿವರ್ ರೆಡ್ ಗಮ್ ಮರಗಳಿವೆ. ನೆರಳು ನೋಡಿ ಆಸೆಯಾಗುತ್ತದೆ, ಅದರ ಕೊಂಬೆಯ ಕೆಳಗೆ ಟೆಂಟ್ ಹಾಕಬೇಡಿ. ಗಾಳಿಯೇ ಇಲ್ಲದ ದಿನದಲ್ಲೂ ಆ ಮರ ತೊಲೆಯಂಥ ಕೊಂಬೆಯನ್ನು ಏಕಾಏಕಿ ಬಿಡುತ್ತದೆ. ಕ್ಯಾನ್ವಾಸ್ ಎಷ್ಟೇ ಔನ್ಸ್ ಇದ್ದರೂ ಅದನ್ನು ತಡೆಯದು. ಹಳ್ಳದ ಪಾತ್ರದೊಳಗೂ ಬೇಡ, ಮೇಲೆಲ್ಲೋ ಮಳೆಯಾದರೆ ನೀರು ಇಲ್ಲಿಗೆ ಬರುತ್ತದೆ. ಉಲುರು ಉದ್ಯಾನದೊಳಗೆ ಟೆಂಟ್ ಹಾಕುವ ಹಾಗಿಲ್ಲ, ಯುಲಾರಾದ ಶಿಬಿರದಲ್ಲಿ ಜಾಗ ಕಾದಿರಿಸಬೇಕು. ಶಾಲಾ ರಜೆ, ಈಗಲೇ ಮಾಡಿ. ಕೂಬರ್ ಪೀಡಿಯಲ್ಲಿ ನೆಲದಡಿ ಕೊರೆದ ಗುಹೆಯಲ್ಲೇ ಟೆಂಟ್ ಹಾಕುವ ಜಾಗ ಇದೆ, ಅಲ್ಲಿ ಗಾಳಿಯ ಚಿಂತೆಯೇ ಇಲ್ಲ.

ಗುಬ್ಬಚ್ಚಿ (ಸಿಡ್ನಿ), ಬುಧವಾರ ಸಂಜೆ 7:10

ಬಂಡೆ ಕೊರೆದ ಗುಹೆಯಲ್ಲಿ ನಿಮ್ಮ ಸ್ಕ್ರೂ ಗೂಟ ಎಲ್ಲಿ ತಿರುಗಿಸುತ್ತೀರಿ? ಗೂಟವಿಲ್ಲದೆ ನಿಲ್ಲುವ ಟೆಂಟೇ ಅಲ್ಲಿ ಬೇಕಾಗುವುದು.

ಕೆಂಪುಮಣ್ಣು (ಅಡಿಲೇಡ್), ಬುಧವಾರ ಸಂಜೆ 7:22

ಇದು ಸರಿಯಾದ ಪ್ರಶ್ನೆ, ಒಪ್ಪಿಕೊಳ್ಳುತ್ತೇನೆ. ಗುಹೆಗೆ ನಡುಗಂಬದ ಟೆಂಟ್ ತಕ್ಕದ್ದಲ್ಲ. ಆ ಒಂದು ರಾತ್ರಿ ಕೋಣೆ ಹಿಡಿಯಿರಿ, ಅಮ್ಮನಿಗೆ ಬಿಸಿನೀರ ಸ್ನಾನವೂ ಆಗುತ್ತದೆ.

ಹೊಳೆದಂಡೆ (ಮೆಲ್ಬರ್ನ್), ಭಾನುವಾರ ರಾತ್ರಿ 8:15

ಎಲ್ಲರಿಗೂ ಮನಸಾರೆ ಧನ್ಯವಾದ. ಈ ವಾರ ನಡೆದದ್ದನ್ನು ಬರೆಯುತ್ತೇನೆ.

ಶುಕ್ರವಾರ ಕನ್ನಡ ಬಳಗದ ಗೆಳತಿಯೊಬ್ಬರ ಆರ್‌ವಿ ಟೆಂಟನ್ನು ಅವರ ಹಿತ್ತಲಿನಲ್ಲಿ ನಿಲ್ಲಿಸಿ ನೋಡಿದೆವು. ಗುಬ್ಬಚ್ಚಿಯವರೇ, ಅದು ಏಳುವುದನ್ನು ಕಂಡು ಮಕ್ಕಳು ಚಪ್ಪಾಳೆ ತಟ್ಟಿದರು. ಆದರೆ ಮಡಿಚಿ ಕಾರಿನ ಮೇಲೆ ಏರಿಸುವಾಗ ನನ್ನ ಕೈ ಸೋತಿತು. ನಾನು ಐದು ಅಡಿ ಎರಡು ಅಂಗುಲ. ಏಳು ಸೀಟಿನ ಗಾಡಿಯ ಛಾವಣಿಗೆ ಎರಡು ಮೀಟರಿನ ಚೀಲವನ್ನು ತಲೆಯ ಮೇಲಿಂದ ತಳ್ಳುವುದು ಹತ್ತು ಬೆಳಗು ನನ್ನಿಂದ ಆಗದು.

ಶನಿವಾರ ಬಲ್ಲಾರಟ್ ಕಡೆ ನಿವೃತ್ತ ದಂಪತಿಯೊಬ್ಬರು ಮಾರುತ್ತಿದ್ದ ನಡುಗಂಬದ ಟೆಂಟ್ ನೋಡಲು ಹೋದೆವು. ಹನ್ನೆರಡು ಅಡಿ, 10 ಔನ್ಸ್, ನಾಲ್ಕೇ ಪ್ರವಾಸಕ್ಕೆ ಬಳಸಿದ್ದು. ದಾವಣಗೆರೆಯವರು ಹೇಳಿದ ಹಾಗೆಯೇ ಒಳಗೆ ಹೋಗಿ ಬಾಗಿಲು ಹಾಕಿಸಿದೆ. ಮೂರು ಗೋಡೆ ಕತ್ತಲೆ. ನಾಲ್ಕನೆಯದರಲ್ಲಿ, ಕಿಟಕಿಯ ಎಡಗಡೆಯ ಹೊಲಿಗೆಯಲ್ಲಿ ಸೂಜಿಮೊನೆಯಷ್ಟು ಬೆಳಕು, ಹನ್ನೊಂದು ಚುಕ್ಕೆ. ಮಗಳು ಎಣಿಸಿದಳು. ಮಡಿಕೆಯಲ್ಲಿ ಮೇಣದ ವಾಸನೆ ಮಾತ್ರ ಇತ್ತು. ಮೂಲೆಯ ಪಟ್ಟಿಗಳು ಚೌಕದೊಳಗೆ ಅಡ್ಡಗೆರೆ ಹಾಕಿದವೇ. ಸಾವಿರದ ಇನ್ನೂರಕ್ಕೆ ಕೊಂಡೆವು.

ಇವತ್ತು ಹಿತ್ತಲಿನಲ್ಲಿ ಮೂರು ಸಲ ಹಾಕಿ ತೆಗೆದೆವು. ಮೊದಲ ಸಲ 24 ನಿಮಿಷ, ಎರಡನೆಯದು 15, ಮೂರನೆಯದು 11. ಬರೀ ಸುತ್ತಿಗೆಯಿಂದ. ಮಡಿಚಿ ಚೀಲಕ್ಕೆ ತುಂಬಲು ಮಾತ್ರ ಇನ್ನೂ ಹದಿನೆಂಟು ನಿಮಿಷ ಹಿಡಿಯುತ್ತಿದೆ. ಮೂರು ಭಾಗವಾಗಿ ಮಡಿಚುವುದೋ ನಾಲ್ಕಾಗಿಯೋ ಎಂಬಲ್ಲಿ ನಮ್ಮಿಬ್ಬರಿಗೆ ಒಮ್ಮತವಿಲ್ಲ. ಅಮ್ಮ ಬಗ್ಗದೆ ಒಳಗೆ ಬಂದರು, ಕಂಬಕ್ಕೆ ಒರಗಿ ಕುಳಿತರು, ಬೇಗ ಏಳಲೇ ಇಲ್ಲ.

ಆ ಹನ್ನೊಂದು ಚುಕ್ಕೆಗೆ ಏನು ಮಾಡಲಿ?

ದಾವಣಗೆರೆ ಬೆಣ್ಣೆ (ದಾವಣಗೆರೆ), ಭಾನುವಾರ ರಾತ್ರಿ 8:40

ಒಳ್ಳೆಯ ಕೊಳ್ಳುಗೆ, ಅಕ್ಕ. ಮೊದಲು ನೀರು ಕುಡಿಸಿ. ಬಿಗಿಯಾಗಿ ನಿಲ್ಲಿಸಿ, ಪೈಪಿನಿಂದ ಮೇಲಿಂದ ಮಳೆಯ ಹಾಗೆ ಪೂರ್ತಿ ನೆನೆಸಿ, ಪೂರ್ತಿ ಒಣಗಲು ಬಿಡಿ. ಹೀಗೆ ಎರಡು ಮೂರು ಸಲ. ಹೊಲಿಗೆಯ ನೂಲಿನಲ್ಲಿ ಹತ್ತಿ ಇದ್ದರೆ ಅದೂ ಊದಿ ತೂತನ್ನು ತುಂಬುತ್ತದೆ. ನೆನೆಯುವಾಗ ಹತ್ತಿ ಬಿಗಿಯುತ್ತದೆ, ಆದ್ದರಿಂದ ಕಂಬವನ್ನು ಒಂದಿಷ್ಟು ಇಳಿಸಿಡಿ, ಇಲ್ಲದಿದ್ದರೆ ಮೂಲೆಯ ಹೊಲಿಗೆಗೆ ಭಾರ ಬೀಳುತ್ತದೆ. ಮೂರನೆಯ ಸಲವೂ ಹನಿ ಬಂದರೆ ಮಾತ್ರ ಒಣಗಿದ ಮೇಲೆ ಆ ಗೆರೆಗೆ ಹೊಲಿಗೆಯ ಮೇಣ ಉಜ್ಜಿ.

ಮಡಿಚುವುದು ಚೀಲದ ಅಗಲಕ್ಕೆ ತಕ್ಕಂತೆ. ಕಂಬದ ಉದ್ದವನ್ನೇ ಅಳತೆಯಾಗಿ ಹಿಡಿಯಿರಿ, ಅದರ ಸುತ್ತ ಸುತ್ತಿ.

ಕೆಂಪುಮಣ್ಣು (ಅಡಿಲೇಡ್), ಭಾನುವಾರ ರಾತ್ರಿ 9:05

ಮೂರನೆಯ ಸಲಕ್ಕೇ ಹನ್ನೊಂದು ನಿಮಿಷ, ಅದೂ ಸುತ್ತಿಗೆಯಿಂದ! ಬೆಳಗಿನ ಇಬ್ಬನಿಗೆ ಒಂದು ಉಪಾಯ: ಎದ್ದ ಕೂಡಲೇ ಹಳೆಯ ಟವೆಲ್‌ನಿಂದ ಹೊರಮೈ ಒರೆಸಿ, ತಿಂಡಿ ಮುಗಿಯುವವರೆಗೆ ಹಾಗೆಯೇ ಬಿಡಿ. ಆಗಲೂ ಒಣಗದಿದ್ದರೆ ಮಡಿಚಿ ಒಯ್ಯಿರಿ, ಮಧ್ಯಾಹ್ನ ಊಟಕ್ಕೆ ನಿಂತಾಗ ಕಾರಿನ ಮೇಲೆ ಹರಡಿ. ಒಳನಾಡಿನ ಗಾಳಿ ಅರ್ಧ ಗಂಟೆಯಲ್ಲಿ ಒಣಗಿಸಿ ಕೊಡುತ್ತದೆ.

ಹೊಳೆದಂಡೆ (ಮೆಲ್ಬರ್ನ್), ಗುರುವಾರ ರಾತ್ರಿ 9:30

ಎರಡು ಸಲ ನೀರು ಕುಡಿಸಿದೆ. ಮೊದಲ ಸಲ ಕಿಟಕಿಯ ಪಕ್ಕ ಆರು ಕಡೆ ಹನಿ. ಇವತ್ತು ಅರ್ಧ ಗಂಟೆ ಪೈಪ್ ಹಿಡಿದರೂ ಒಂದೇ ಒಂದು ಕಡೆ ತೇವ ಕಂಡಿತು, ಹನಿಯಾಗಿ ಬೀಳಲಿಲ್ಲ. ಅಮ್ಮ ಒಳಗೆ ಟಾರ್ಚ್ ಹಿಡಿದು ಕುಳಿತು ಒಂದೊಂದು ಹೊಲಿಗೆಯನ್ನೂ ಕಾದರು.

ಸ್ಕ್ರೂ ಗೂಟ ಇಪ್ಪತ್ತು ತಂದಾಯಿತು. ಡ್ರಿಲ್‌ಗೆ ಎಷ್ಟು ಬ್ಯಾಟರಿ ಒಯ್ಯಬೇಕು?

ಕೆಂಪುಮಣ್ಣು (ಅಡಿಲೇಡ್), ಗುರುವಾರ ರಾತ್ರಿ 9:38

18 ವೋಲ್ಟಿನವು ಎರಡು, ಕಾರಿನಲ್ಲೇ ಚಾರ್ಜ್ ಮಾಡುವ ತಂತಿಯೊಂದು. ಸುತ್ತಿಗೆಯನ್ನೂ ಮನೆಯಲ್ಲಿ ಬಿಡಬೇಡಿ.